ವಿಕಲಚೇತನರ ಮಾಸಾಶನ ಮತ್ತು ನಮ್ಮ ಮಠಗಳ ಹೊಣೆ



ಈ ಪತ್ರಿಕೆಯ ಪುಟಗಳಲ್ಲಿ ಧರ್ಮದ ಮಾನ್ಯತೆ, ವಚನಗಳ ಪಾಠ, ಒಳಪಂಗಡಗಳ ಗೋಡೆ, ಮೌಢ್ಯಗಳ ಖಂಡನೆ ಇವುಗಳ ಬಗ್ಗೆ ಮೇಲಿಂದ ಮೇಲೆ ಚರ್ಚೆ ನಡೆಯುತ್ತದೆ. ನಡೆಯಲೇಬೇಕು. ನಾನು ಇಂದು ಬರೆಯಲು ಹೊರಟಿರುವುದು ದುಡ್ಡಿನ ವಿಷಯ. ತಿಂಗಳಿಗೆ 800, 1,400, 2,000 ರೂಪಾಯಿಗಳ ವಿಷಯ. ಧರ್ಮದ ಪತ್ರಿಕೆಯಲ್ಲಿ ಇದೇಕೆ ಎಂದು ಕೆಲವರಿಗೆ ಅನಿಸಬಹುದು. ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದವರು ಎಂಬುದನ್ನು ಅವರಿಗೆ ನೆನಪಿಸಬಯಸುತ್ತೇನೆ. ರಾಜ್ಯದ ಬೊಕ್ಕಸದ ಹಣ ಯಾರ ಕೈಗೆ ಮುಟ್ಟುತ್ತದೆ, ಯಾರ ಕೈಗೆ ಮುಟ್ಟುವುದಿಲ್ಲ ಎಂಬ ಪ್ರಶ್ನೆ ನಮ್ಮ ಧರ್ಮಗುರುವಿನ ದಿನನಿತ್ಯದ ಕಾಯಕವೇ ಆಗಿತ್ತು.

ನಮ್ಮ ಮಸಗುಪ್ಪಿಯಲ್ಲಿ, ಸುತ್ತಲಿನ ಮೂಡಲಗಿ, ಗೋಕಾಕ, ಹುಕ್ಕೇರಿ ತಾಲೂಕಿನ ಹಳ್ಳಿಗಳಲ್ಲಿ ಸರ್ಕಾರದ ಮಾಸಾಶನಕ್ಕೆ ಜನ ‘ಪಗಾರ’ ಎನ್ನುತ್ತಾರೆ. ಅಂಗವಿಕಲರ ಪಗಾರ, ಮುದುಕರ ಪಗಾರ, ವಿಧವೆಯರ ಪಗಾರ. ಕಚೇರಿಯ ಕಾಗದಗಳಲ್ಲಿ ಇದನ್ನು ಪಡೆಯುವವರಿಗೆ ‘ಫಲಾನುಭವಿ’ ಎಂಬ ಹೆಸರಿದೆ. ನನಗೆ ಜನರ ಮಾತೇ ಹೆಚ್ಚು ಸರಿ ಎನಿಸುತ್ತದೆ. ಪಗಾರ ಎಂದರೆ ಬರಬೇಕಾದದ್ದು, ತಿಂಗಳಿಗೊಮ್ಮೆ ದಿನ ತಪ್ಪದೆ ಬರಬೇಕಾದದ್ದು. ಅದು ಬಾರದಿದ್ದರೆ ಯಾಕೆ ಬರಲಿಲ್ಲ ಎಂದು ಕೇಳುವ ಅಧಿಕಾರ ಮನುಷ್ಯನಿಗಿದೆ.

ನಾನು ಈ ವಿಷಯ ಎತ್ತಲು ಕಾರಣವನ್ನೂ ಹೇಳಬೇಕು. ನೀರಾವರಿ ಕೆಲಸದಲ್ಲಿ ಇಂಜಿನಿಯರಾಗಿ ದುಡಿದು ನಿವೃತ್ತನಾಗಿರುವ ನನಗೆ 31 ವರ್ಷದ ಮಗನಿದ್ದಾನೆ. ಹುಟ್ಟಿನಿಂದ ಸೆರೆಬ್ರಲ್ ಪಾಲ್ಸಿ. ನಡೆಯಲಾರ, ಮಾತು ಮನೆಯವರಿಗಷ್ಟೇ ತಿಳಿಯುತ್ತದೆ. ಎಬ್ಬಿಸುವುದು, ಸ್ನಾನ, ಊಟ ಎಲ್ಲವೂ ನನ್ನ ಮನೆಯವರ ಕೈಯಿಂದ, ನನ್ನ ಕೈಯಿಂದ ಆಗಬೇಕು. ಸರ್ಕಾರದ ಮಾಸಾಶನ ಅವನಿಗೆ ಬರುವುದಿಲ್ಲ, ಏಕೆಂದರೆ ನಾನು ಪಿಂಚಣಿದಾರ, ಆದಾಯದ ಮಿತಿಗಿಂತ ಮೇಲಿರುವವನು. ಸರ್ಕಾರಿ ನೌಕರನ ದುಡಿಯಲಾಗದ ವಿಕಲಚೇತನ ಮಗುವಿಗೆ ತಂದೆ-ತಾಯಿಗಳ ನಂತರ ಕುಟುಂಬ ಪಿಂಚಣಿ ಕೊಡುವ ಅವಕಾಶ ನಿಯಮದಲ್ಲಿದೆ. ಹಾಗಾಗಿ ನನ್ನ ಮಗನ ತುತ್ತಿಗೆ ಒಂದು ದಾರಿ ಇದೆ. ನಮ್ಮ ಓಣಿಯ ಕೂಲಿಕಾರ ತಾಯಿಯ ಮಗಳಿಗೆ ಆ ದಾರಿ ಇಲ್ಲ. ಅವಳಿಗೆ ಇರುವುದು ಆ ಪಗಾರವೊಂದೇ. ಒಂದೇ ಬಗೆಯ ಕಾಯಿಲೆ, ಒಂದೇ ಊರು. ಒಬ್ಬನಿಗೆ ಅಪ್ಪನ ನೌಕರಿ ಆಸರೆಯಾಯಿತು, ಇನ್ನೊಬ್ಬಳಿಗೆ ರಾಜ್ಯವೇ ಆಸರೆಯಾಗಬೇಕು. ಆ ಆಸರೆ ಸವೆಯುತ್ತಿರುವುದನ್ನು ನೋಡಿ ಸುಮ್ಮನಿರಲು ಆಗಲಿಲ್ಲ.

ಹೇಳದೆ ಮಾಡುವ ಕಡಿತ

ಕಡಿತ ಎಂದ ಕೂಡಲೇ ನಮಗೆ ಬಜೆಟ್ ಪುಸ್ತಕ ನೆನಪಾಗುತ್ತದೆ. ಅಲ್ಲಿ ಕಣ್ಣಿಗೆ ಕಾಣುವ ಕಡಿತಗಳು ಇದ್ದೇ ಇವೆ. ಅಂಗವಿಕಲರ ಹಕ್ಕುಗಳ ಕಾಯ್ದೆಯನ್ನು ಜಾರಿಗೆ ತರಲೆಂದೇ ಕೇಂದ್ರದಲ್ಲಿ ಒಂದು ಯೋಜನೆ ಇದೆ. ಸರ್ಕಾರಿ ಕಟ್ಟಡಗಳಿಗೆ ಇಳಿಜಾರು ದಾರಿ, ಲಿಫ್ಟ್, ಬಳಸಲು ಬರುವ ಶೌಚಾಲಯ ಮಾಡಿಸುವ ಹಣ ಅದರಿಂದಲೇ ಬರಬೇಕು. 2022-23ರ ಬಜೆಟ್‌ನಲ್ಲಿ ಅದಕ್ಕೆ ಸುಮಾರು 240 ಕೋಟಿ ರೂಪಾಯಿ ಇಟ್ಟಿದ್ದರು. ಮರುವರ್ಷ ಅದು 150 ಕೋಟಿಗೆ ಇಳಿಯಿತು, ಅದರ ಮರುವರ್ಷ ಸುಮಾರು 135 ಕೋಟಿಗೆ. ನಮ್ಮ ರಾಜ್ಯದಲ್ಲಿಯೂ 2024ರ ಕೊನೆಯಲ್ಲಿ ವಿಕಲಚೇತನರ ಯೋಜನೆಗಳ ಅನುದಾನವನ್ನು ಶೇಕಡಾ 80ರಷ್ಟು ಇಳಿಸಲಾಗಿದೆ ಎಂದು ಪತ್ರಿಕೆಗಳು ಬರೆದವು, ವಿಧಾನಸೌಧದ ವಿರೋಧ ಪಕ್ಷದವರು ಟೀಕಿಸಿದರು. ಕೇಂದ್ರದಲ್ಲಿ ಒಂದು ಪಕ್ಷ, ರಾಜ್ಯದಲ್ಲಿ ಇನ್ನೊಂದು ಪಕ್ಷ. ಕತ್ತರಿ ಹಿಡಿಯುವ ಕೈ ಮಾತ್ರ ಎರಡೂ ಕಡೆ ಒಂದೇ ರೀತಿ ಆಡಿತು. ಆದ್ದರಿಂದ ಇದನ್ನು ಪಕ್ಷದ ಕಣ್ಣಿನಿಂದ ಓದಬೇಡಿರೆಂದು ಮೊದಲೇ ವಿನಂತಿಸುತ್ತೇನೆ.

ಇದಕ್ಕಿಂತ ದೊಡ್ಡದು ಯಾರೂ ಘೋಷಿಸದ ಕಡಿತ. ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲ ಪಿಂಚಣಿ ಯೋಜನೆ 2009ರಲ್ಲಿ ಆರಂಭವಾಯಿತು. ಕೇಂದ್ರದ ಪಾಲು ತಿಂಗಳಿಗೆ 200 ರೂಪಾಯಿ ಇದ್ದದ್ದು 2012ರಲ್ಲಿ 300 ಆಯಿತು. ಅದೂ ಬಡತನ ರೇಖೆಯ ಕೆಳಗಿನವರಿಗೆ, 18 ವರ್ಷ ತುಂಬಿದವರಿಗೆ, ಶೇಕಡಾ 80ಕ್ಕಿಂತ ಹೆಚ್ಚು ನ್ಯೂನತೆ ಇರುವವರಿಗೆ ಮಾತ್ರ. 300 ರೂಪಾಯಿ ಅಲ್ಲಿಗೇ ನಿಂತಿತು. ಸರ್ಕಾರವೇ ಪ್ರಕಟಿಸುವ ಗ್ರಾಹಕ ಬೆಲೆ ಸೂಚ್ಯಂಕ 2012ರಲ್ಲಿ 100 ಇದ್ದದ್ದು 2024ರ ಕೊನೆಗೆ 200ರ ಹತ್ತಿರ ಬಂದಿತ್ತು. ಅಂದರೆ ಅಂದಿನ 300 ರೂಪಾಯಿ ಇಂದು ಹೆಚ್ಚುಕಡಿಮೆ 150 ರೂಪಾಯಿಯ ಕೆಲಸ ಮಾಡುತ್ತದೆ. ಆದೇಶ ಹೊರಡಿಸದೆ, ಸಹಿ ಹಾಕದೆ, ಸದನದಲ್ಲಿ ಚರ್ಚೆಯಾಗದೆ ಮಾಸಾಶನ ಅರ್ಧಕ್ಕೆ ಇಳಿಯಿತು. ನನಗಾದರೆ ಆರು ತಿಂಗಳಿಗೊಮ್ಮೆ ತುಟ್ಟಿಭತ್ಯೆ ಏರುತ್ತದೆ. ಜೋಳ, ಎಣ್ಣೆ, ಔಷಧಗಳ ಬೆಲೆ ಏರುತ್ತದೆ ಎಂದು ಸರ್ಕಾರ ಒಪ್ಪಿಕೊಂಡೇ ನನ್ನ ಪಿಂಚಣಿ ಏರಿಸುತ್ತದೆ. ಅದೇ ಅಂಗಡಿಯಲ್ಲಿ ಅದೇ ಜೋಳ ಕೊಳ್ಳುವ ವಿಕಲಚೇತನನಿಗೆ ಬೆಲೆ ಏರುವುದಿಲ್ಲವೇ?

ಮೂರನೆಯ ಕಡಿತ ಕಾಗದದ್ದು. ಇದನ್ನು ನನ್ನ ಕಾಯಕದ ಭಾಷೆಯಲ್ಲಿ ಹೇಳಿದರೆ ನಮ್ಮ ಭಾಗದ ರೈತರಿಗೆ ಬೇಗ ತಿಳಿಯುತ್ತದೆ. ಕಾಲುವೆಯ ತಲೆಯಲ್ಲಿ ಇಷ್ಟು ಕ್ಯುಸೆಕ್ ನೀರು ಬಿಟ್ಟೆವು ಎಂದು ಗೇಜ್ ರಿಜಿಸ್ಟರಿನಲ್ಲಿ ಬರೆದಿರುತ್ತದೆ. ಮೇಲಧಿಕಾರಿ ಅದನ್ನೇ ನೋಡಿ ತೃಪ್ತಿಪಡುತ್ತಾನೆ. ಕಾಲುವೆಯ ಕೊನೆಯ ಹೊಲದ ರೈತನನ್ನು ಕೇಳಿದರೆ ಹದಿನೈದು ದಿನದಿಂದ ಹನಿ ನೀರು ಬಂದಿರುವುದಿಲ್ಲ. ರಿಜಿಸ್ಟರೂ ಸುಳ್ಳಲ್ಲ, ರೈತನೂ ಸುಳ್ಳಲ್ಲ. ನಡುವೆ ನೀರು ಎಲ್ಲಿ ಹೋಯಿತೆಂದು ನಡೆದುಕೊಂಡು ಹೋಗಿ ನೋಡುವವರು ಬೇಕು. ಮಾಸಾಶನದ ಸ್ಥಿತಿಯೂ ಇದೇ. ಬೆಂಗಳೂರಿನಲ್ಲಿ ಬಿಡುಗಡೆಯಾಗಿದೆ ಎನ್ನುತ್ತಾರೆ. ಇಲ್ಲಿ ಆ ತಾಯಿ, “ಸಾಹೇಬ್ರ, ಪಗಾರ ಬಂದು ಮೂರು ತಿಂಗಳಾತ್ರಿ. ಆಫೀಸಿನ್ಯಾಗ ಕೇಳಿದ್ರ ಮ್ಯಾಲಿಂದ ಬಂದಿಲ್ಲ ಅಂತಾರ, ಬ್ಯಾಂಕಿನ್ಯಾಗ ಕೇಳಿದ್ರ ಆಧಾರ ಜೋಡಿಸಿಕೊಂಡು ಬಾ ಅಂತಾರ” ಎನ್ನುತ್ತಾಳೆ. ಆಧಾರ್ ಜೋಡಣೆಗೆ ಬೆರಳಚ್ಚು ಬೇಕು. ಅವಳ ಮಗಳ ಕೈ ಮುಷ್ಟಿ ಬಿಗಿದೇ ಇರುತ್ತದೆ, ಯಂತ್ರದ ಮೇಲೆ ಬೆರಳು ಕೂಡುವುದಿಲ್ಲ. ಅಂಥವರಿಗೆ ವಿನಾಯಿತಿ ಇದೆ ಎಂಬುದು ಆ ತಾಯಿಗೆ ತಿಳಿಯದು, ಎದುರಿಗೆ ಕುಳಿತವನು ಹೇಳುವುದಿಲ್ಲ. ಮಗಳನ್ನು ಹೊತ್ತುಕೊಂಡು, ಬಾಡಿಗೆ ವಾಹನ ಮಾಡಿಕೊಂಡು ಎರಡು ಸಲ ಅಲೆದರೆ ಒಂದು ತಿಂಗಳ ಪಗಾರ ಅಲ್ಲಿಗೇ ಮುಗಿಯಿತು.

ಲೆಕ್ಕ ಹಾಕಿ ನೋಡೋಣ

ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್ 19ರಿಂದ ಜಾರಿಯಾಯಿತು. 1995ರ ಹಳೆಯ ಕಾಯ್ದೆಯಲ್ಲಿ 7 ಬಗೆಯ ನ್ಯೂನತೆಗಳಿದ್ದರೆ ಇದರಲ್ಲಿ 21 ಇವೆ. ಇದರ 24ನೇ ಕಲಂ ಅನ್ನು ನಮ್ಮ ಪ್ರತಿಯೊಬ್ಬ ಪಾಲಕರೂ ತಿಳಿದುಕೊಳ್ಳಬೇಕು. ಸರ್ಕಾರ ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ವಿಕಲಚೇತನರಿಗೆ ಸಾಮಾಜಿಕ ಭದ್ರತೆಯ ಯೋಜನೆಗಳನ್ನು ಮಾಡಬೇಕು, ಮತ್ತು ಇತರರಿಗಿರುವ ಅದೇ ಬಗೆಯ ಯೋಜನೆಗಿಂತ ಇವರಿಗೆ ಕೊಡುವ ನೆರವು ಕನಿಷ್ಠ ಶೇಕಡಾ 25ರಷ್ಟು ಹೆಚ್ಚಿರಬೇಕು ಎಂದು ಅದು ಹೇಳುತ್ತದೆ. ಕಾರಣ ಸರಳ. ಒಂದೇ ಬದುಕನ್ನು ಬದುಕಲು ವಿಕಲಚೇತನನಿಗೆ ಹೆಚ್ಚು ಖರ್ಚು ಬರುತ್ತದೆ. ನಾವು ಬಸ್ಸಿಗೆ ಹೋಗುವಲ್ಲಿ ಅವನಿಗೆ ಆಟೊ ಬೇಕು, ನಾವೊಬ್ಬರೇ ಹೋಗುವಲ್ಲಿ ಅವನ ಜೊತೆ ಇನ್ನೊಬ್ಬರು ಬೇಕು.

ಈಗ ನಮ್ಮ ರಾಜ್ಯದ ಮೊತ್ತಗಳನ್ನು ಈ ಅಳತೆಗೆ ಹಿಡಿಯೋಣ. 2021ರ ಜುಲೈನಲ್ಲಿ ಸಂಧ್ಯಾ ಸುರಕ್ಷಾ ಯೋಜನೆಯಡಿ ವೃದ್ಧರ ಮಾಸಾಶನವನ್ನು 1,000ದಿಂದ 1,200 ರೂಪಾಯಿಗೆ ಏರಿಸಿದರು. ಅದೇ ಹೊತ್ತಿಗೆ ಶೇಕಡಾ 40ರಿಂದ 75ರವರೆಗೆ ನ್ಯೂನತೆ ಇರುವವರ ಮಾಸಾಶನ 600ರಿಂದ 800 ಆಯಿತು. ಶೇಕಡಾ 75ಕ್ಕಿಂತ ಹೆಚ್ಚಿನವರಿಗೆ 1,400. ಬೌದ್ಧಿಕ ನ್ಯೂನತೆಯವರಿಗೆ 2,000. ಕಾನೂನಿನಂತೆ 1,200ರ ಮೇಲೆ ಶೇಕಡಾ 25 ಸೇರಿಸಿದರೆ 1,500 ಆಗುತ್ತದೆ. ಬೌದ್ಧಿಕ ನ್ಯೂನತೆಯವರಿಗೆ ಕೊಡುವುದು ಈ ಅಳತೆಯನ್ನು ದಾಟಿದೆ, ಅದನ್ನು ನ್ಯಾಯವಾಗಿ ಒಪ್ಪಿಕೊಳ್ಳೋಣ. ತೀವ್ರ ನ್ಯೂನತೆಯವರಿಗೆ 100 ರೂಪಾಯಿ ಕಡಿಮೆ ಬೀಳುತ್ತದೆ. ಶೇಕಡಾ 40ರಿಂದ 75ರವರಿಗೆ 700 ರೂಪಾಯಿ ಕಡಿಮೆ. ಹೆಚ್ಚು ಕೊಡಬೇಕಾದಲ್ಲಿ ವೃದ್ಧರಿಗಿಂತಲೂ 400 ರೂಪಾಯಿ ಕಡಿಮೆ ಕೊಡಲಾಗಿದೆ. ವೃದ್ಧರಿಗೆ ಕೊಟ್ಟದ್ದು ಹೆಚ್ಚಾಯಿತೆಂದು ಇದರ ಅರ್ಥವಲ್ಲ. ಅದೂ ಸಾಲದು.

ಇನ್ನೊಂದು ಲೆಕ್ಕ. ಉದ್ಯೋಗ ಖಾತರಿ ಯೋಜನೆಯಲ್ಲಿ 2024-25ರಲ್ಲಿ ಕರ್ನಾಟಕದ ದಿನಗೂಲಿ 349 ರೂಪಾಯಿ ಇತ್ತು. 800 ರೂಪಾಯಿ ಎಂದರೆ ಎರಡು ದಿನದ ಕೂಲಿಗಿಂತ ಸ್ವಲ್ಪ ಹೆಚ್ಚು. 1,400 ಎಂದರೆ ನಾಲ್ಕು ದಿನದ್ದು. ಹಾಸಿಗೆ ಹಿಡಿದ ಮಗಳನ್ನು ನೋಡಿಕೊಳ್ಳುವ ತಾಯಿ ತಿಂಗಳಲ್ಲಿ 25 ದಿನ ಕೂಲಿ ಬಿಟ್ಟರೆ ಅವಳಿಗೆ ಆಗುವ ನಷ್ಟ 8,725 ರೂಪಾಯಿ. ಈ ಆರೈಕೆಗೂ ಬೆಲೆ ಇದೆಯೆಂದು ಸರ್ಕಾರ ಮೊದಲ ಬಾರಿಗೆ ಒಪ್ಪಿಕೊಂಡದ್ದು ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಕೊಡುವುದಾಗಿ ಬಜೆಟ್‌ನಲ್ಲಿ ಹೇಳಿದಾಗ. ಅದು ಒಳ್ಳೆಯ ಹೆಜ್ಜೆ. ಮೊತ್ತ ಸಣ್ಣದಾದರೂ ತಾಯಿಯ ಸೇವೆಯನ್ನು ಕಾಯಕವೆಂದು ಲೆಕ್ಕಕ್ಕೆ ಹಿಡಿದ ಹೆಜ್ಜೆ. ಅಂಥ ಹೆಜ್ಜೆಗಳೇ ಮೊದಲು ಕತ್ತರಿಗೆ ಸಿಗುವುದರಿಂದ ಅದರ ಕಾವಲು ನಾವು ಮಾಡಬೇಕು.

ಹಣವೆಲ್ಲಿದೆ ಎಂದು ಕೇಳುವವರಿದ್ದಾರೆ. ಕಾಯ್ದೆಯಲ್ಲಿಯೇ ‘ಆರ್ಥಿಕ ಶಕ್ತಿಯ ಮಿತಿ’ ಎಂಬ ಮಾತಿದೆಯಲ್ಲ ಎನ್ನುತ್ತಾರೆ. ಸರಿ, ಮಿತಿಯನ್ನೂ ಅಳೆಯೋಣ. 2011ರ ಜನಗಣತಿಯಲ್ಲಿ ಕರ್ನಾಟಕದ ವಿಕಲಚೇತನರ ಸಂಖ್ಯೆ 13.24 ಲಕ್ಷ. ಶ್ರೀಮಂತ-ಬಡವ ನೋಡದೆ, ಶೇಕಡಾವಾರು ನೋಡದೆ, ಅಷ್ಟೂ ಜನರಿಗೆ ತಿಂಗಳಿಗೆ 700 ರೂಪಾಯಿ ಹೆಚ್ಚು ಕೊಟ್ಟರೂ ವರ್ಷಕ್ಕೆ ಸುಮಾರು 1,112 ಕೋಟಿ ರೂಪಾಯಿ ಆಗುತ್ತದೆ. 2024-25ರ ರಾಜ್ಯ ಬಜೆಟ್‌ನ ಗಾತ್ರ 3.71 ಲಕ್ಷ ಕೋಟಿ. ನೂರು ರೂಪಾಯಿಗೆ 30 ಪೈಸೆ. 21 ಬಗೆಯ ನ್ಯೂನತೆಗಳನ್ನು ಹಿಡಿದರೆ ಸಂಖ್ಯೆ ಎರಡು ಪಟ್ಟಾಗುತ್ತದೆಂದು ಇಟ್ಟುಕೊಂಡರೂ 60 ಪೈಸೆ. ಗೃಹಲಕ್ಷ್ಮಿಗೆ ಮನೆಯೊಡತಿಗೆ 2,000 ರೂಪಾಯಿ ಕೊಡಲು ಬಂದ ರಾಜ್ಯಕ್ಕೆ, ಶಕ್ತಿ ಯೋಜನೆಯಲ್ಲಿ ಮಹಿಳೆಯರನ್ನೆಲ್ಲ ಉಚಿತವಾಗಿ ಬಸ್ಸಿನಲ್ಲಿ ಕರೆದೊಯ್ಯಲು ಬಂದ ರಾಜ್ಯಕ್ಕೆ ಇದು ಮೀರಿದ ಭಾರವೆಂದು ನಾನು ನಂಬುವುದಿಲ್ಲ. ಆ ಯೋಜನೆಗಳು ನಮ್ಮ ಊರಿನ ಹೆಣ್ಣುಮಕ್ಕಳಿಗೆ ಉಸಿರಾಡಲು ಅವಕಾಶ ಕೊಟ್ಟಿವೆ, ಅವು ಇರಲಿ. ಅವುಗಳ ಮತಗಳು ಎಣಿಕೆಗೆ ಸಿಗುತ್ತವೆ, ವಿಕಲಚೇತನರ ಮತಗಳು ಚದುರಿಹೋಗಿವೆ. ಇಷ್ಟೇ ವ್ಯತ್ಯಾಸ.

ಸುಳ್ಳು ಪ್ರಮಾಣಪತ್ರ ಮಾಡಿಸಿಕೊಂಡವರು ಬಹಳ ಜನ, ಅದಕ್ಕೇ ಬಿಗಿ ಮಾಡಬೇಕಾಗಿದೆ ಎಂಬುದು ಇನ್ನೊಂದು ವಾದ. ಅಂಥವರಿದ್ದಾರೆ, ಅಲ್ಲಗಳೆಯುವುದಿಲ್ಲ. ಅವರನ್ನು ಹಿಡಿದು ಹೊರಗೆ ಹಾಕಲಿ. ಆದರೆ ಕಾಲುವೆ ಎಲ್ಲೋ ಒಂದು ಕಡೆ ಸೋರುತ್ತದೆಂದು ಮೇಲಿನ ಗೇಟನ್ನೇ ಇಳಿಸುವ ಇಂಜಿನಿಯರನನ್ನು ಯಾವ ರೈತ ಮೆಚ್ಚುತ್ತಾನೆ? ಸೋರುವ ಜಾಗಕ್ಕೆ ಹೋಗಿ ಗಾರೆ ಹಾಕಬೇಕು.

ಕರ್ಮದ ಮಾತು ಮತ್ತು ಶರಣರ ದಾರಿ

ಇಷ್ಟು ಸರ್ಕಾರಕ್ಕೆ ಹೇಳಿದ ಮೇಲೆ ನಮ್ಮ ಮನೆಯೊಳಗೂ ನೋಡಬೇಕು. ಸರ್ಕಾರ ಇಷ್ಟು ಸಲೀಸಾಗಿ ಕೈ ಹಿಂದೆಗೆಯಲು ಸಮಾಜದ ಒಂದು ನಂಬಿಕೆಯೂ ಸಹಾಯ ಮಾಡುತ್ತಿದೆ. ‘ಹಿಂದಿನ ಜನ್ಮದ ಕರ್ಮ’ ಎಂಬ ಮಾತು ಅದು. ಕೊರಳಲ್ಲಿ ಇಷ್ಟಲಿಂಗ ಧರಿಸಿದವರ ಬಾಯಲ್ಲೂ ಇದನ್ನು ಕೇಳಿದ್ದೇನೆ. ಮಗು ಹಿಂದಿನ ಜನ್ಮದ ಪಾಪ ತಿನ್ನುತ್ತಿದೆ ಎಂದಾದರೆ ಅದಕ್ಕೆ ಸರ್ಕಾರ ಏನು ಮಾಡಬೇಕು, ಸಮಾಜ ಏನು ಮಾಡಬೇಕು? ಎಲ್ಲರೂ ನಿರಾಳ. ಹುಟ್ಟಿನಿಂದ ಮನುಷ್ಯನ ಮಟ್ಟ ನಿಗದಿಯಾಗುತ್ತದೆ ಎಂಬುದನ್ನೇ ಬಸವಾದಿ ಶರಣರು ಒಪ್ಪಲಿಲ್ಲ. ಜಾತಿಯ ವಿಷಯದಲ್ಲಿ ಈ ಮಾತನ್ನು ನಾವು ವೇದಿಕೆಯ ಮೇಲೆ ಗಟ್ಟಿಯಾಗಿ ಹೇಳುತ್ತೇವೆ. ದೇಹದ ವಿಷಯದಲ್ಲೂ ಅಷ್ಟೇ ಗಟ್ಟಿಯಾಗಿ ಹೇಳಬೇಕು. ಹೆರಿಗೆಯ ಹೊತ್ತಿನಲ್ಲಿ ಮಗುವಿನ ಮೆದುಳಿಗೆ ಆಮ್ಲಜನಕ ಕಡಿಮೆಯಾದದ್ದಕ್ಕೂ ಯಾರದೋ ಪೂರ್ವಜನ್ಮಕ್ಕೂ ಸಂಬಂಧವಿಲ್ಲ. ಹತ್ತಿರದಲ್ಲಿ ಒಳ್ಳೆಯ ಹೆರಿಗೆ ಆಸ್ಪತ್ರೆ ಇರಲಿಲ್ಲ ಎಂಬುದಕ್ಕೆ ಸಂಬಂಧವಿರಬಹುದು.

ಕಾಯಕದ ಬಗ್ಗೆಯೂ ಒಂದು ತಪ್ಪು ತಿಳುವಳಿಕೆ ಇದೆ. ದುಡಿಯಲಾರದವನಿಗೆ ಕಾಯಕವಿಲ್ಲ, ಕಾಯಕವಿಲ್ಲದವನಿಗೆ ಕೂಳಿಲ್ಲ ಎಂದು ಅರ್ಥ ಮಾಡುವವರಿದ್ದಾರೆ. ಕಾಯಕ ಅವರವರ ಶಕ್ತಿಗೆ ತಕ್ಕದ್ದು. ಉದ್ಯೋಗ ಖಾತರಿಯಲ್ಲೇ ನಮ್ಮ ರಾಜ್ಯ ವಿಕಲಚೇತನರಿಗೆ ಕೆಲಸದ ಪ್ರಮಾಣದಲ್ಲಿ ಶೇಕಡಾ 50 ರಿಯಾಯಿತಿ ಕೊಟ್ಟು ಪೂರ್ತಿ ಕೂಲಿ ಕೊಡುತ್ತದೆ. ಅರ್ಧ ಕೆಲಸಕ್ಕೆ ಪೂರ್ತಿ ಗೌರವ ಎಂಬ ಈ ನಿಯಮದಲ್ಲಿ ಶರಣ ತತ್ವ ಇದೆ. ಇನ್ನು ಏನೂ ಮಾಡಲಾರದ ನನ್ನ ಮಗನಂಥವರ ವಿಷಯ. ಅವರನ್ನು ನೋಡಿಕೊಳ್ಳುವುದೇ ಉಳಿದವರ ಕಾಯಕ.

ಗದಗಿನ ಪುಣ್ಯಾಶ್ರಮ ಕಲಿಸುವ ಪಾಠ

ನಮ್ಮ ಮಠಗಳಿಗೆ ಈ ಕೆಲಸ ಹೊಸದಲ್ಲ. 1892ರಲ್ಲಿ ಹಾನಗಲ್ಲ ತಾಲೂಕಿನಲ್ಲಿ ಕಣ್ಣಿಲ್ಲದೆ ಹುಟ್ಟಿದ ಬಾಲಕನೊಬ್ಬನನ್ನು ಹಾನಗಲ್ಲ ಕುಮಾರ ಸ್ವಾಮಿಗಳು ಕೈಹಿಡಿದು ಸಂಗೀತ ಕಲಿಸಿದರು. ಆತನೇ ಪಂಚಾಕ್ಷರಿ ಗವಾಯಿಗಳು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿ, ಸಂಗೀತ ವಿದ್ಯೆ ಮೂರೂ ಸಿಕ್ಕವು. ಖರ್ಚಿಗೆ ಊರೂರು ತಿರುಗಿದರು, ನಾಟಕ ಕಂಪನಿ ನಡೆಸಿದರು. 1944ರಲ್ಲಿ ಅವರು ಲಿಂಗೈಕ್ಯರಾದ ಮೇಲೆ ಅದನ್ನು ಬೆಳೆಸಿದ ಪುಟ್ಟರಾಜ ಗವಾಯಿಗಳೂ ಅಂಧರೇ. 2010ರಲ್ಲಿ ಅವರಿಗೆ ಪದ್ಮಭೂಷಣ ಬಂತು, ಅದೇ ವರ್ಷ ಅವರು ಲಿಂಗೈಕ್ಯರಾದರು. ಕಣ್ಣಿಲ್ಲದವನನ್ನು ಶಿಷ್ಯನನ್ನಾಗಿ, ಮುಂದೆ ಗುರುವನ್ನಾಗಿ ಮಾಡಿದ ಪರಂಪರೆ ನಮ್ಮದು. ಪೀಠದ ಮೇಲೆ ಕೂಡಿಸಿದ ಪರಂಪರೆ ನಮ್ಮದು.

ಆದರೆ ಇದರಲ್ಲೇ ಇನ್ನೊಂದು ಪಾಠವೂ ಇದೆ. ಆ ಆಶ್ರಮ ನಿಂತದ್ದು ಇಬ್ಬರು ಮಹನೀಯರ ಇಡೀ ಬದುಕಿನ ಮೇಲೆ. ಪ್ರತಿ ತಾಲೂಕಿಗೆ ಒಬ್ಬ ಪುಟ್ಟರಾಜರು ಸಿಗುವುದಿಲ್ಲ. ಸಂಗೀತ ಒಲಿದ ಮಕ್ಕಳಿಗೆ ಅಲ್ಲಿ ದಾರಿ ಸಿಕ್ಕಿತು. ಮಾತೇ ಬಾರದ, ಬುದ್ಧಿ ಬೆಳೆಯದ, ಹಾಸಿಗೆಯಿಂದ ಏಳಲಾಗದ ಮಕ್ಕಳಿಗೆ ಅಂಥ ಆಶ್ರಮ ನಮ್ಮಲ್ಲಿ ಎಷ್ಟು? ಇದು ಯಾರನ್ನೂ ದೂರುವ ಮಾತಲ್ಲ. ಒಂದು ಮಠದ ಭಕ್ತಿಕಾಣಿಕೆಯಿಂದ, ಒಂದು ಜಾತ್ರೆಯ ಸಂಗ್ರಹದಿಂದ 13 ಲಕ್ಷ ಜನರ ತಿಂಗಳ ಬದುಕು ನಡೆಯದು. ಅದು ರಾಜ್ಯದ ಬೊಕ್ಕಸದಿಂದಲೇ ನಡೆಯಬೇಕು.

ಆದ್ದರಿಂದಲೇ ನನಗೆ ಒಂದು ಹೆದರಿಕೆ ಇದೆ. ಸರ್ಕಾರ ಕೈ ಹಿಂದೆಗೆದಾಗಲೆಲ್ಲ ಮಂತ್ರಿಗಳು ಮಠದ ವೇದಿಕೆಗೆ ಬಂದು, ಸರ್ಕಾರ ಮಾಡಲಾಗದ್ದನ್ನು ಮಠಗಳು ಮಾಡಿವೆ ಎಂದು ಹೊಗಳುತ್ತಾರೆ. ನಾವು ಚಪ್ಪಾಳೆ ತಟ್ಟುತ್ತೇವೆ. ಆ ಹೊಗಳಿಕೆಯಲ್ಲಿ ಸರ್ಕಾರ ತನ್ನ ಹೊಣೆಯನ್ನು ಮಠದ ಹೆಗಲಿಗೆ ದಾಟಿಸಿ ಹೋಗಿರುತ್ತದೆ. ಮಾಡಲಾಗದ್ದು ಯಾವುದು, ಮಾಡದೆ ಬಿಟ್ಟದ್ದು ಯಾವುದು ಎಂದು ಅಲ್ಲಿಯೇ ಕೇಳಬಲ್ಲವರು ಪೂಜ್ಯರು ಮಾತ್ರ. ದಾಸೋಹದಲ್ಲಿ ಕೊಡುವವನು ದಾಸನಾಗಿ ನಿಲ್ಲುತ್ತಾನೆ, ಪಡೆಯುವವನು ತಲೆ ತಗ್ಗಿಸಬೇಕಾಗಿಲ್ಲ. ಹಕ್ಕಿನ ಮಾಸಾಶನದ ರೀತಿಯೂ ಇದೇ ಆಗಿರಬೇಕು. ಒಂದರ ಹೆಸರು ಹೇಳಿ ಇನ್ನೊಂದನ್ನು ಕಸಿಯುವುದು ಎರಡಕ್ಕೂ ಅವಮಾನ.

2024ರ ಜನವರಿಯಲ್ಲಿ ನಮ್ಮ ಸರ್ಕಾರ ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಿತು. ಸರ್ಕಾರಿ ಕಚೇರಿಗಳಲ್ಲಿ ಅವರ ಭಾವಚಿತ್ರ ಬಂತು. ನಮಗೆಲ್ಲ ಸಂತೋಷವಾಯಿತು. ಆ ಚಿತ್ರದ ಕೆಳಗೆ ಕೈಕಾಲಿಲ್ಲದವನೊಬ್ಬ ಮೆಟ್ಟಿಲು ಹತ್ತಲಾಗದೆ ಹೊರಗೇ ಕುಳಿತಿರುವ ಕಚೇರಿ ಇದ್ದರೆ, ಅಲ್ಲಿಗೆ ಹೋಗಿ ಆ ಚಿತ್ರವನ್ನು ತೋರಿಸಿ ಮಾತಾಡುವುದು ನಮ್ಮ ಕೆಲಸ.

ಏನು ಮಾಡಬಹುದು?

ಮೊದಲನೆಯದು, ಪ್ರತಿ ಮಠವೂ ತನ್ನ ಭಕ್ತರಿರುವ ಹಳ್ಳಿಗಳ ವಿಕಲಚೇತನರ ಒಂದು ಪಟ್ಟಿ ಮಾಡಲಿ. ಜಾತಿ ಕೇಳಬೇಡಿ. ಯುಡಿಐಡಿ ಕಾರ್ಡ್ ಇದೆಯೇ, ಮಾಸಾಶನ ಬರುತ್ತದೆಯೇ, ಎಂದಿನಿಂದ ನಿಂತಿದೆ, ಮನೆಯಲ್ಲಿ ನೋಡಿಕೊಳ್ಳುವವರು ಯಾರು, ಅವರ ವಯಸ್ಸೆಷ್ಟು. ಐದು ಕಾಲಂ ಸಾಕು. ಪ್ರತಿ ಗ್ರಾಮ ಪಂಚಾಯಿತಿಗೆ ಒಬ್ಬ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ, ಬಹುತೇಕ ಅವರೂ ವಿಕಲಚೇತನರೇ. ಗೌರವಧನದ ಮೇಲೆ ದುಡಿಯುವ ಅವರನ್ನು ಮಠಕ್ಕೆ ಕರೆದು ಗೌರವಿಸಿ, ಅವರ ಜೊತೆಗೂಡಿ ಈ ಪಟ್ಟಿ ಮಾಡಿ. ಕಾಲುವೆಯ ಕೊನೆಯವರೆಗೆ ನಡೆದು ನೋಡುವುದೆಂದರೆ ಇದೇ.

ಎರಡನೆಯದು, ಗ್ರಾಮಸಭೆ. ಪಂಚಾಯಿತಿಗಳು ತಮ್ಮ ನಿಧಿಯಲ್ಲಿ ಶೇಕಡಾ 5ರಷ್ಟನ್ನು ವಿಕಲಚೇತನರಿಗಾಗಿ ತೆಗೆದಿಟ್ಟು ಖರ್ಚು ಮಾಡಬೇಕು. ಕಳೆದ ವರ್ಷ ಆ ಶೇಕಡಾ 5 ಎಷ್ಟಾಯಿತು, ಯಾವುದಕ್ಕೆ ಖರ್ಚಾಯಿತು ಎಂಬ ಎರಡು ಪ್ರಶ್ನೆಗಳನ್ನು ಗ್ರಾಮಸಭೆಯಲ್ಲಿ ಎದ್ದು ಕೇಳಿ, ಉತ್ತರವನ್ನು ನಡಾವಳಿಯಲ್ಲಿ ಬರೆಸಿ. ಇದಕ್ಕೆ ಬೆಂಗಳೂರಿಗೆ ಹೋಗಬೇಕಾಗಿಲ್ಲ.

ಮೂರನೆಯದು, ನಮ್ಮ ಕಟ್ಟಡಗಳು. ಮಠದ ಪ್ರವೇಶಕ್ಕೆ, ಅನುಭವ ಮಂಟಪಕ್ಕೆ, ದಾಸೋಹ ಮನೆಗೆ, ಶೌಚಾಲಯಕ್ಕೆ ಗಾಲಿಕುರ್ಚಿ ಹೋಗುವಂಥ ಇಳಿಜಾರು ಮಾಡಿ. ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದದ ಇಳಿಜಾರು ಬೇಕು. ಅದಕ್ಕಿಂತ ಕಡಿದಾಗಿದ್ದರೆ ಅದು ತೋರಿಕೆಗೆ ಮಾತ್ರ. ಖರ್ಚು ಒಂದು ಕಮಾನಿನ ಖರ್ಚಿಗಿಂತ ಕಡಿಮೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಗೋಕಾಕ ಪೇಟೆಯೊಳಗೇ ನೀರು ನುಗ್ಗಿದಾಗ ನದಿದಂಡೆಯ ಜನ ಕಾಳಜಿ ಕೇಂದ್ರಗಳಲ್ಲಿ ಇರಬೇಕಾಯಿತು. ಹಾಸಿಗೆ ಹಿಡಿದವರನ್ನು ಹೊತ್ತು ತಂದ ಮನೆಯವರಿಗೆ ಶಾಲೆಯ ಕೋಣೆಯಲ್ಲಿ ಅವರನ್ನು ಶೌಚಕ್ಕೆ ಕೂಡಿಸುವುದು ಎಷ್ಟು ಕಷ್ಟವೆಂದು ಊಹಿಸಿಕೊಳ್ಳಿ. ನೀರು ಬಂದಾಗ ಮಠಗಳೂ ಆಸರೆಯ ತಾಣಗಳಾಗುತ್ತವೆ. ಆ ದಿನಕ್ಕೆ ಈಗಲೇ ಸಿದ್ಧರಾಗಬೇಕು. ಇಷ್ಟಲಿಂಗ ದೀಕ್ಷೆಗೂ ಈ ಮಕ್ಕಳನ್ನು ಕರೆಯಿರಿ. ಮಂತ್ರ ಉಚ್ಚರಿಸಲಾಗದು ಎಂಬುದು ದೀಕ್ಷೆ ತಪ್ಪಿಸಲು ಕಾರಣವಾಗಬಾರದು.

ನಾಲ್ಕನೆಯದು ಪಾಲಕರಾದ ನಮ್ಮ ಎದೆಯಲ್ಲಿ ರಾತ್ರಿ ಹಗಲು ಕೊರೆಯುವ ವಿಷಯ. ನಮ್ಮ ನಂತರ ಯಾರು? ಸೆರೆಬ್ರಲ್ ಪಾಲ್ಸಿ, ಆಟಿಸಂ, ಬೌದ್ಧಿಕ ನ್ಯೂನತೆ, ಬಹುವಿಧ ನ್ಯೂನತೆ ಇರುವವರಿಗಾಗಿ 1999ರಲ್ಲಿ ನ್ಯಾಷನಲ್ ಟ್ರಸ್ಟ್ ಕಾಯ್ದೆ ಬಂದಿದೆ. ಅದರಡಿ ಜಿಲ್ಲಾಧಿಕಾರಿಗಳ ಸಮಿತಿಯಿಂದ ಕಾನೂನುಬದ್ಧ ಪಾಲಕರನ್ನು ನೇಮಿಸಿಕೊಳ್ಳಬಹುದು, ನಿರಾಮಯ ಯೋಜನೆಯಲ್ಲಿ 1 ಲಕ್ಷ ರೂಪಾಯಿವರೆಗೆ ಆರೋಗ್ಯ ವಿಮೆ ಪಡೆಯಬಹುದು. ನಮ್ಮ ಹಳ್ಳಿಗಳಲ್ಲಿ ಇದು ಗೊತ್ತಿರುವವರು ಕಡಿಮೆ. ಪಾಲಕ ಸಿಕ್ಕರೂ ಇರಲು ಮನೆ ಬೇಕು, ನೋಡಿಕೊಳ್ಳಲು ಕೈ ಬೇಕು. ನನ್ನ ಮಗನಿಗೆ ಮುಂದೆ ಪಿಂಚಣಿ ಬರಬಹುದು. ಆ ಹಣದಿಂದ ಅವನ ಬಾಯಿಗೆ ತುತ್ತಿಡುವವರು ಯಾರು ಎಂಬ ಪ್ರಶ್ನೆಗೆ ನನ್ನ ಬಳಿಯೂ ಉತ್ತರವಿಲ್ಲ. ನನ್ನ ಮನೆಯವರಿಗೂ ಅರವತ್ತಾಯಿತು, ಅವನನ್ನು ಎತ್ತುವಾಗ ಸೊಂಟ ಹಿಡಿಯುತ್ತದೆ.

ಇಲ್ಲಿ ಮಠ ಮತ್ತು ಸರ್ಕಾರ ಕೂಡಿ ಮಾಡಬಹುದಾದ ಕೆಲಸವಿದೆ. ಮಠಗಳ ಬಳಿ ಜಾಗವಿದೆ, ಕಟ್ಟಡಗಳಿವೆ, ಅನ್ನವಿದೆ, ಜನರ ನಂಬಿಕೆಯಿದೆ. ಸರ್ಕಾರದ ಬಳಿ ಸಂಬಳ ಕೊಡುವ ಶಕ್ತಿ ಇದೆ. ನಮ್ಮ ಮೂರು ತಾಲೂಕುಗಳ ನಡುವೆ ಹತ್ತಿಪ್ಪತ್ತು ಜನ ಇರಬಹುದಾದ ಒಂದು ಮನೆ, ಮಠದ ಜಾಗದಲ್ಲಿ, ಸರ್ಕಾರದ ಸಂಬಳದ ಆರೈಕೆದಾರರು ಮತ್ತು ಫಿಸಿಯೋಥೆರಪಿ ತಿಳಿದವರೊಂದಿಗೆ. ಆದರೆ ಸಂಬಳದ ಹಣ ವರ್ಷವರ್ಷ ಬರುತ್ತದೆಂಬ ಲಿಖಿತ ಒಪ್ಪಂದವಿಲ್ಲದೆ ಯಾವ ಮಠವೂ ಇದಕ್ಕೆ ಕೈಹಾಕಬಾರದು. ಮೂರು ವರ್ಷ ನಡೆಸಿ ಅನುದಾನ ನಿಂತರೆ ಆ ಹತ್ತಿಪ್ಪತ್ತು ಜನ ಎರಡನೇ ಸಲ ಅನಾಥರಾಗುತ್ತಾರೆ.

ಸರ್ಕಾರದ ಮುಂದೆ ಇಡಬೇಕಾದ ಬೇಡಿಕೆ ಮೂರೇ. 24ನೇ ಕಲಂ ಹೇಳುವಂತೆ ವೃದ್ಧರ ಮಾಸಾಶನಕ್ಕಿಂತ ಶೇಕಡಾ 25 ಹೆಚ್ಚು ಕೊಡಿ. ನೌಕರರ ತುಟ್ಟಿಭತ್ಯೆಯಂತೆ ಇದನ್ನೂ ಬೆಲೆ ಸೂಚ್ಯಂಕಕ್ಕೆ ಕಟ್ಟಿ. ಪ್ರತಿ ತಿಂಗಳು ಒಂದು ನಿಗದಿತ ದಿನ ಹಾಕಿ, ನಿಲ್ಲಿಸಬೇಕಾದರೆ ಮನೆಗೆ ಕಾಗದ ಕಳಿಸಿ ಕಾರಣ ಹೇಳಿದ ಮೇಲೆಯೇ ನಿಲ್ಲಿಸಿ. ಈ ಮೂರನ್ನು ಒಂದು ಪುಟದ ಮನವಿಯಾಗಿ ಬರೆದು, ನಮ್ಮ ಭಾಗದ ಎಲ್ಲ ಪೂಜ್ಯರೂ ಒಂದೇ ಕಾಗದಕ್ಕೆ ಸಹಿ ಮಾಡಿ ಕೊಟ್ಟರೆ ಅದನ್ನು ಯಾವ ಶಾಸಕನೂ ಬದಿಗಿಡಲಾರ. ಪ್ರತ್ಯೇಕ ಧರ್ಮದ ಮಾನ್ಯತೆಗಾಗಿ ಲಕ್ಷಾಂತರ ಜನ ಬೀದಿಗೆ ಬಂದದ್ದನ್ನು ಈ ನಾಡು ನೋಡಿದೆ. ಇದಕ್ಕೆ ಅಷ್ಟು ಜನ ಬೇಕಾಗಿಲ್ಲ. ಹೋಬಳಿಗೆ ಒಬ್ಬ ಸ್ವಾಮೀಜಿ, ಒಂದು ಪಟ್ಟಿ, ಪಿಂಚಣಿ ಅದಾಲತ್ ನಡೆಯುವ ದಿನ ನಾಡಕಚೇರಿಯ ಮುಂದೆ ಪಾಲಕರ ಜೊತೆ ಒಂದು ಗಂಟೆ. ಇಷ್ಟು ಸಾಕು.

ಡಿಸೆಂಬರ್ 3 ವಿಶ್ವ ವಿಕಲಚೇತನರ ದಿನ. ಹೂ ಹಾರ, ಭಾಷಣ, ಕ್ರೀಡಾಕೂಟಗಳ ಜೊತೆಗೆ ಅಂದು ಪ್ರತಿ ಮಠದಲ್ಲಿ ಈ ಪಟ್ಟಿಯನ್ನು ಓದಲಿ: ಇಷ್ಟು ಜನ ಇದ್ದಾರೆ, ಇಷ್ಟು ಜನಕ್ಕೆ ಪಗಾರ ಬರುತ್ತಿದೆ, ಇಷ್ಟು ಜನಕ್ಕೆ ನಿಂತಿದೆ. ಮಸಗುಪ್ಪಿಯ ಪಟ್ಟಿ ಮಾಡುವ ಕೆಲಸವನ್ನು ನಾನು ವಹಿಸಿಕೊಂಡಿದ್ದೇನೆ. ಪಕ್ಕದ ಹಳ್ಳಿಗಳವರು ಯಾರಾದರೂ ಮುಂದೆ ಬಂದರೆ ಕಾಲಂ ಹಾಕಿದ ಹಾಳೆಯನ್ನು ಕೊಡುತ್ತೇನೆ, ಮೊದಲ ಎರಡು ಮನೆಗಳಿಗೆ ಅವರ ಜೊತೆ ಬರುತ್ತೇನೆ.